ಕಾಲಿಗೆ ಬುದ್ಧಿ ಹೇಳಿದವಳು

ಕೋವಿ ಎಣಿಸಿ ಇಡುವ ಕೆಲಸ ನನಗೇ ಕೊಟ್ಟಳು.
ಕೆರಿಯೊ ಹೊಳೆಯ ಈಚೆ ದಡ, ಜಾಲಿಯ ಕೆಳಗೆ
ಗೋಣಿತಾಟು ಹಾಸಿ ಕೂತಿದ್ದೇನೆ.
ಇಪ್ಪತ್ತಮೂರು. ಇಪ್ಪತ್ತನಾಲ್ಕು.
ಒಂದೊಂದರ ಮೂತಿಗೂ ಒಂದು ಬಟ್ಟೆಚೂರು,
ಅದೇ ಬಣ್ಣದ್ದು ಹುಡುಗನ ಮುಂಗೈಗೆ.
ಓದು ಬಾರದವನ ಲೆಕ್ಕ; ಇದುವರೆಗೆ ತಪ್ಪಿಲ್ಲ.

ಜೆಮೆಸುಂದೆ ಅಂದರೆ ಕತ್ತಲಲ್ಲಿ ಹುಟ್ಟಿದವಳು.
ನಾವು ಅವಳೂರಿಗೆ ಹೋದದ್ದೂ ಕತ್ತಲಲ್ಲೇ.
ಅವಳಾಗ ಎಲ್ಲೋ ಚಳಿಯ ಶಹರದಲ್ಲಿ
ನಲವತ್ತೆರಡು ಕಿಲೋಮೀಟರ್ ಓಡಿ
ಎಲ್ಲರಿಗಿಂತ ಮುಂದೆ ಬಂದಿದ್ದಳಂತೆ.
ರೇಡಿಯೊ ಹೇಳಿತು. ನಾವು ಕೇಳಲಿಲ್ಲ,
ಹದಿನೇಳು ಹಸು ಹೊಡೆದುಕೊಂಡು ಬರುತ್ತಿದ್ದೆವು.
ಅದರಲ್ಲೊಂದು ಕೆಂದ ಕಡಸು, ಬಲಗಿವಿ ಸೀಳಿದ್ದು,
ಅವಳು ಮೊದಲ ಗೆಲುವಿನ ದುಡ್ಡಲ್ಲಿ ಕೊಂಡದ್ದು.
ನನಗೆ ಗೊತ್ತಿರಲಿಲ್ಲ.
ಬೇಲಿಯ ಹತ್ತಿರ ಒಬ್ಬ ಹುಡುಗ ಬಿದ್ದ.
ಅವಳ ತಮ್ಮ. ಅದೂ ಗೊತ್ತಿರಲಿಲ್ಲ.
ಗೊತ್ತಿದ್ದರೆ ಹೊಡೆಯುತ್ತಿರಲಿಲ್ಲ ಎಂದು ಮಾತ್ರ
ಹೇಳಲಾರೆ. ಈ ವಯಸ್ಸಿಗೆ ಸುಳ್ಳು ಯಾಕೆ.

ಗುಂಡು ಹಾರಿದರೆ ಕಾಲಿಗೆ ಬುದ್ಧಿ ಹೇಳುವುದು
ಹೊಳೆಯ ಎರಡೂ ದಡಕ್ಕೆ ಗೊತ್ತಿದ್ದ ವಿದ್ಯೆ.
ಅವಳು ತನ್ನ ಕಾಲಿಗೆ ಏನು ಹೇಳಿದಳೋ
ಅವು ಬಂದವು, ನಮ್ಮ ಕಡೆಗೆ,
ಮಟ್ಟಮಧ್ಯಾಹ್ನ, ಒಂಟಿಯಾಗಿ,
ಬೂಟುಗಳ ಲಾಡಿ ಕೊರಳಿಗೆ ಕಟ್ಟಿ, ನೀರು ದಾಟಿ.

ನನ್ನ ಹೆಂಡತಿ ಸೋರೆಬುರುಡೆಯಲ್ಲಿ
ಬೂದಿ ಬೆರೆಸಿದ ಹುಳಿಹಾಲು ಕೊಟ್ಟಳು.
ಪೂರ್ತಿ ಕುಡಿದಳು. ಬಾಯಿ ಒರೆಸಿಕೊಂಡು
ಕೊಟ್ಟಿಗೆಯ ಕಡೆಗೆ ಏನೋ ಒಂದು ಹೆಸರು ಕರೆದಳು.
ಮೂರು ಕರುವಿನ ತಾಯಿ, ಕೆಂದ ಹಸು,
ಮೇವು ಬಿಟ್ಟು ತಲೆ ಎತ್ತಿತು.
ನಾನು ನೆಲ ನೋಡಿದೆ.

ಕೊಡು ಅನ್ನಲಿಲ್ಲ. ಕೇಳಿದ್ದು ಬೇರೆ:
‘ಆ ರಾತ್ರಿ ಎಷ್ಟು ದೂರ ಓಡಿದಿರಿ?’
ಬೆಳಗಾಗುವಾಗ ಗುಡ್ಡದ ಬುಡ, ಅಂದೆ.
‘ಮೂವತ್ತಾಯಿತು. ಕೋವಿ ಹೊತ್ತೇ?’
ಹೊತ್ತೇ.
ಬೆರಳು ಮಡಿಚಿ ಏನೋ ಎಣಿಸಿದಳು.
‘ಒಳ್ಳೆಯ ಓಟ ಲೊಕಿತಾರೆ.
ಕೋವಿ ಇಲ್ಲದಿದ್ದರೆ
ಎಷ್ಟು ಹೊತ್ತಿಗೆ ಮುಟ್ಟುತ್ತಿದ್ದೆ?’

ನನ್ನನ್ನು ಬೈದವರಿದ್ದಾರೆ, ಹುಡುಕಿದವರಿದ್ದಾರೆ.
ಹೀಗೆ ಲೆಕ್ಕ ಕೇಳಿದವರು ಯಾರೂ ಇರಲಿಲ್ಲ.
ಹನ್ನೊಂದು ವರ್ಷವಾಯಿತು, ಇನ್ನೂ ಉತ್ತರ ಹೇಳಿಲ್ಲ.

ಮೊದಲ ಓಟಕ್ಕೆ ಬಂದವರು ಆರು ಮಂದಿ.
ಶುರುಮಾಡಲು ಪಟ್ಟಣದವರು ಪಿಸ್ತೂಲು ತಂದಿದ್ದರು.
ಅವಳು ಬೇಡ ಎಂದಾಗ
ನನ್ನ ಹೆಂಡತಿಯೇ ಹೋಗಿ
ಕೆಂದ ಹಸುವಿನ ಕೊರಳ ಗಂಟೆ ಬಿಚ್ಚಿ ತಂದಳು.
ನಾಲ್ಕನೆಯ ವರ್ಷ ಓಟ ಮುಗಿದ ಮೂರನೇ ದಿನಕ್ಕೇ
ಯಾರೋ ಮೂವತ್ತು ಆಡು ಹೊಡೆದರು; ಇಬ್ಬರು ಸತ್ತರು.
ಅವಳು ದಾರಿಯ ನಡುವೆ ಕೂತುಬಿಟ್ಟಳು.
ಯಾರೂ ಹತ್ತಿರ ಹೋಗಲಿಲ್ಲ.
ಸಂಜೆಗೆ ಎದ್ದು, ಕುಂಟುತ್ತ, ಐದನೆಯ ಓಟಕ್ಕೆ
ದಾರಿಯ ಕಲ್ಲು ಹೆಕ್ಕತೊಡಗಿದಳು.

ಈಗ ಗುಡ್ಡದಾಚೆ ಧೂಳು ಮಾತ್ರ.
ಆ ಧೂಳಲ್ಲಿ ಯಾವ ದಡದವನು ಯಾವನೋ,
ನನ್ನ ಮೊಮ್ಮಗನಂತೂ ಹಿಂದೆಯೇ ಇರುತ್ತಾನೆ, ಸೋಮಾರಿ.
ಬಿಸಿಲಿಗೆ ಕಬ್ಬಿಣ ಕಾದಿದೆ, ಮುಟ್ಟುವಂತಿಲ್ಲ.

ಬಂದರು. ಕೆಂಪು ಚೂರು, ಹಳದಿ ಚೂರು,
ತಂತಮ್ಮದು ಒಯ್ದರು.
ಹಸಿರು ಚೂರಿನ ಹುಡುಗ, ಆಚೆ ದಡದವನು,
ಗೋಣಿತಾಟಿನ ತುದಿಗೆ ಬಿದ್ದುಕೊಂಡು ಏದುಸಿರು ಬಿಡುತ್ತಿದ್ದಾನೆ.
ತಗೊಳ್ಳಪ್ಪ ನಿನ್ನದು, ಅಂದೆ.
ಕಣ್ಣು ಬಿಡದೆಯೇ ಅಂದ:
‘ಇರಲಿ ಅಜ್ಜ, ನಾಳೆ ನೋಡೋಣ.
ಈಗ ಕಾಲು ನೋಯುತ್ತಿದೆ.’