ಮೂರೂವರೆ ಬೆರಳು

ಕೆಮ್ನಿತ್ಸ್ ಊರಿನ ಬ್ರಶ್ ಕಾರ್ಖಾನೆಯಲ್ಲಿ
ಇಪ್ಪತ್ತೆಂಟು ವರ್ಷ ಒಂದೇ ಬೆಂಚು ನಮ್ಮದು.
ಅವಳಿಗೂ ಕಾಣದು, ಕೇಳದು; ನನಗೂ.
ಕುದುರೆಕೂದಲು ಎಣಿಸಿ, ತಂತಿ ಬಿಗಿದು
ಬಿಡುವಾದಾಗ ರೋಸ್ವಿತಾ ನನ್ನ ಎಡಗೈ ಎಳೆದುಕೊಳ್ಳುವಳು,
ಸ್ಲೇಟು ಎಳೆದುಕೊಂಡ ಹಾಗೆ.

ಹೆಬ್ಬೆರಳ ತುದಿ ಮುಟ್ಟಿದರೆ ಎ.
ತೋರುಬೆರಳ ತುದಿ, ಇ.
ಅಂಗೈ ನಡುವೆ ಒಂದು ಸುತ್ತು, ಎಸ್.
ನಾಲ್ಕು ಬೆರಳೂ ಒಂದರ ಹಿಂದೊಂದು ಉದುರಿದರೆ ಆರ್.
ಅವಳದು ಮೂರೂವರೆ.
ಕಿರುಬೆರಳ ಅರ್ಧ ಯಂತ್ರಕ್ಕೆ ಹೋಗಿತ್ತು,
ನಾನು ಬರುವ ಮೊದಲೇ.

ಫೋರ್‌ಮನ್ ಬಾಯಲ್ಲಿ ಈರುಳ್ಳಿ ವಾಸನೆ,
ಬರ್ಲಿನ್ನಿನಲ್ಲಿ ಗೋಡೆ ಬಿತ್ತಂತೆ,
ನಿನ್ನ ಗುಂಡಿ ತಪ್ಪಾಗಿ ಹಾಕಿದ್ದೀ:
ಎಲ್ಲ ಒಂದೇ ಉಸಿರಿಗೆ ಬರೆಯುವಳು.
ಸುಳ್ಳು ಹೇಳುವಾಗ ಮಾತ್ರ
ಎಸ್ಸಿನ ಸುತ್ತು ಕೊಂಚ ದೊಡ್ಡದಾಗುತ್ತಿತ್ತು.

ಕಾರ್ಖಾನೆ ಮುಚ್ಚಿತು.
ಅವಳು ಫ್ಲೆನ್ಸ್‌ಬುರ್ಗಿಗೆ, ತಂಗಿಯ ಮಗಳು ಫ್ರೌಕೆಯ ಮನೆಗೆ.
ಕೈ ಕೊಟ್ಟಳು ಎಂದುಕೊಂಡೆ,
ಕೊಟ್ಟದ್ದಷ್ಟನ್ನೂ ವಾಪಸು ತೆಗೆದುಕೊಂಡು.

ಎಷ್ಟೋ ವರ್ಷದ ಮೇಲೆ ಬಂತು ಕೈಗವಸು, ಇಬ್ಬರಿಗೂ ಒಂದೊಂದು.
ತೆಳು ಬಟ್ಟೆ, ಒಳಗೆ ಕಡಲೆಬೇಳೆಯಷ್ಟು ಮೋಟರುಗಳು,
ಮಣಿಕಟ್ಟಿಗೆ ಬೆಚ್ಚನೆಯ ಬ್ಯಾಟರಿ.
ಅಲ್ಲಿ ಅವಳು ತನ್ನ ಅಂಗೈ ತಾನೇ ಮುಟ್ಟಿಕೊಂಡರೆ
ಇಲ್ಲಿ ನನ್ನದು ಜುಮ್ಮೆನ್ನುವುದು.
ಅವಳ ಕೈ ತಣ್ಣಗಿದೆಯೋ, ಟಾರು ಸಾಬೂನಿನ ವಾಸನೆ
ಇನ್ನೂ ಉಳಿದಿದೆಯೋ, ಅದು ಹೇಳದು.
ಗವಸಿಗೆ ಎಲ್ಲರ ಆರ್ ನಾಲ್ಕೇ ಬೆರಳು,
ಎಲ್ಲರ ಸುತ್ತೂ ಒಂದೇ ಅಳತೆ.
ಇನ್ನು ಇವಳ ಸುಳ್ಳು ಹಿಡಿಯುವುದು ಹೇಗೆ?
ಉಳಿದದ್ದು ನಡುವಿನ ಬಿಡುವು:
ಪದ ಮುಗಿಸುವ ಮುನ್ನ ಒಂದು ಚಣ ನಿಲ್ಲುತ್ತಾಳೆ,
ಬಾಗಿಲ ಬಳಿ ಚಪ್ಪಲಿ ತಡಕುವವಳಂತೆ.

ಈ ಫೆಬ್ರವರಿಯಿಂದ ಆ ತಡಕಾಟವಿಲ್ಲ.
ಅಕ್ಷರಗಳು ಇಸ್ತ್ರಿ ಮಾಡಿಸಿಕೊಂಡು ಬರುತ್ತವೆ.
"ಚೆನ್ನಾಗಿದ್ದೇನೆ. ಇಲ್ಲಿ ಬಿಸಿಲು."
ಅಂಗೈ ಹುಣ್ಣಿಗೆ ಕನ್ನಡಿ ಏಕೆ?
ಕೇಳಿದೆ: ನೀನು ಯಾರು?

ಬಹಳ ಹೊತ್ತು ಏನೂ ಇಲ್ಲ.
ಆಮೇಲೆ, ಅದೇ ಇಸ್ತ್ರಿಯಲ್ಲಿ:
"ಫ್ರೌಕೆ. ಕ್ಷಮಿಸಿ. ಫೋನಿನಲ್ಲಿ ಟೈಪು ಮಾಡುತ್ತಿದ್ದೆ.
ದೊಡ್ಡಮ್ಮನಿಗೆ ಪಾರ್ಶ್ವವಾಯು. ಪದಗಳು ಹೋಗಿವೆ.
ನಿಮಗೆ ನೋವಾಗದಿರಲಿ ಅಂತ."

ಸಿಟ್ಟು ಬಂತು. ಎದ್ದು ಒಲೆ ಆರಿಸಿ
ಬೆಂದ ಆಲೂಗಡ್ಡೆಯ ನೀರು ಬಸಿದು
ಮತ್ತೆ ಬಂದು ಕುಳಿತೆ.
ಬರೆದೆ: ಪದ ಯಾರಿಗೆ ಬೇಕು?
ಫೋನು ಕೆಳಗಿಡು ಮಗೂ. ಅವಳಿಗೆ ಗವಸು ತೊಡಿಸು.

ಬಂತು.
ಎ. ಎಂಥದೋ ಗೀರು. ಮತ್ತೆ ಎ.
ಮಣಿಕಟ್ಟಿನವರೆಗೂ ಜಾರಿಹೋದ ಒಂದು ಎಲ್.
ಯಾವ ಭಾಷೆಯಲ್ಲೂ ಇಲ್ಲದ ಪದ.
ಚಪ್ಪಲಿ ತಡಕಿದಷ್ಟು ಹೊತ್ತು ಬಿಡುವು.
ಆಮೇಲೆ ಆರ್. ಆರ್.
ಆರ್.

ಗವಸು ನಾಲ್ಕು ಬೆರಳು ಬಡಿಯಿತು.
ನಾನು ಮೂರೂವರೆ ಎಣಿಸಿದೆ.

ಆಲೂಗಡ್ಡೆ ತಣ್ಣಗಾಗಿತ್ತು.
ಸಿಪ್ಪೆ ಸಮೇತ ತಿಂದೆ, ಒಂದೇ ಕೈಯಲ್ಲಿ.
ಎಡಗೈಗೆ ಪುರುಸೊತ್ತಿರಲಿಲ್ಲ.