ಬೆನ್ನು

ಬೀರೂರು. ನೂರುಲ್ಲಾ ಸಾಬರ ರಫೂ ಅಂಗಡಿ ಎಂದರೆ
ಒಂದು ಚಾಪೆ, ಒಂದು ಬಲ್ಬು.
ನುಸಿ ತಿಂದ ಅಕ್ಕನ ಪಶ್ಮೀನಾ ಬಿಚ್ಚಿದೆ.
ಹೂವಿನ ಕಡೆ ನೋಡದೆ ಮಗುಚಿದರು:
“ಮುಖ ಎಲ್ರೂ ತೊಳೀತಾರೆ ಸ್ವಾಮಿ, ಬೆನ್ನು ನೋಡ್ಬೇಕು.”

ಎಲ್ಲೂ ಒಂದು ಗಂಟಿಲ್ಲ.
ಹಸಿರು ಬಳ್ಳಿಯಲ್ಲಿ ಒಂದೇ ಒಂದು ಎಲೆ ನೀಲಿ.
“ದಾರ ಮುಗಿದಿತ್ತೋ,
ದೀಪ ಸಣ್ಣಗಾಗಿತ್ತೋ, ಪಾಪ.”

ಪಕ್ಕದಲ್ಲಿ ಕಂಬಳಿ ಮಾರುವ ಕೆಂಚಮ್ಮ
ಅಂಚನ್ನು ಬೆರಳಲ್ಲಿ ಹೊಸೆದು
“ನಮ್ ಕುರಿಯಲ್ಲ ಇದು, ಬಾಳ ಚಳಿ ಉಂಡ ಆಡು” ಅಂದಳು.

ಶಾಲಿನ ಸೆರಗಿಂದಲೇ ಎಳೆದ ಎಳೆ
ಶಾಲಿನ ತೂತಿಗೆ. ಮೂರನೇ ದಿನ
ಎಲ್ಲಿತ್ತೆಂದು ಹುಡುಕಿದೆ, ಸಿಗಲಿಲ್ಲ.
ನೀಲಿ ಎಲೆ ಮಾತ್ರ ಹಾಗೇ.

“ಅದನ್ನೂ ಹಸಿರು ಮಾಡಬಹುದಿತ್ತಲ್ಲ?”
ಹಲ್ಲಲ್ಲಿ ದಾರ ಕಡಿದರು.
“ಅದು ಅವನದು.
ಇನ್ನೂರು ಕೊಡಿ, ತೂತಿಗೆ ಮಾತ್ರ.”