ಗೇಟಿನ ಬಾಯಿ

ಹೋದ ಮಳೆಗಾಲದಲ್ಲಿ ಮೂರು ಲೋಡು ಜಲ್ಲಿ ನುಂಗಿತು,
ತೇಗಲೂ ಇಲ್ಲ.
ಸಿಲ್ವೇಪುರದ ಈ ಎರಡೆಕರೆಗೆ ಇರುವುದೊಂದೇ ಗೇಟು.
ಆರು ಕುದುರೆ, ಇಪ್ಪತ್ನಾಲ್ಕು ಕಾಲು,
ಹುಲ್ಲಿನ ಹೊತ್ತಿಗೆ ಎಲ್ಲ ಅಲ್ಲೇ ಗುಂಪುಗಟ್ಟಿ
ನನ್ನ ಸ್ಕೂಟರಿನ ಸದ್ದಿಗೆ ಕಿವಿ ತಿರುಗಿಸುತ್ತ
ತುಳಿದೂ ತುಳಿದೂ
ಕೆಮ್ಮಣ್ಣು ಅಂಬಲಿ, ಮೊಣಕಾಲುದ್ದ.

ಪಚಕ್ ಎಂದು ಇಳಿಯುವುದು, ಪೊಳಕ್ ಎಂದು ಏಳುವುದು.
ಒಮ್ಮೆ ಎದ್ದ ಕಾಲಿನಲ್ಲಿ ಲಾಳ ಇರಲಿಲ್ಲ.
ಅಂಗಿಯ ತೋಳು ಮಡಚಿ, ಹಸುವಿಗೆ ಹೆರಿಗೆ ಮಾಡಿಸುವ ಡಾಕ್ಟರಂತೆ
ಭುಜದವರೆಗೆ ಕೈ ಇಳಿಸಿ ತಡಕಾಡಿದೆ.
ಸಿಕ್ಕಿದ್ದು ಅದರ ಹಿಂದಿನ ವರ್ಷದ್ದು.

ಲಾಳ ಹೊಡೆಯುವ ದಸ್ತಗೀರ್ ಸಾಬರು
ಡೌಟಪ್ಪನ ಹಿಂಗಾಲನ್ನು ತೊಡೆಗಳ ನಡುವೆ ಇರುಕಿಸಿ
ಗೊರಸಿನ ಸಂದಿ ಕೆರೆದು, ಕೊಕ್ಕೆಯನ್ನು ನನ್ನ ಮೂಗಿಗೆ ಹಿಡಿದರು.
ಸತ್ತ ಹೆಗ್ಗಣದ ನಾತ.
"ಔಷಧಿ ಕಾಲಿಗಲ್ಲಮ್ಮ, ಗೇಟಿಗೆ ಹಾಕಿ."

(ಡೌಟಪ್ಪ: ರೇಸಿನ ಪುಸ್ತಕದಲ್ಲಿ ರಾಯಲ್ ಡೌಟ್.
ಹನ್ನೊಂದು ಸಲ ಓಡಿ, ಒಮ್ಮೆ ಮಾತ್ರ ಮೂರನೆಯ ಜಾಗ.)

ಪಿಳ್ಳಪ್ಪ ಬಂದ. ಬೀಡಿ ಹಚ್ಚಿ, ಗೇಟನ್ನಲ್ಲ,
ಗೇಟಿನಾಚೆಯ ಇಳಿಜಾರನ್ನು ನೋಡುತ್ತ ನಿಂತ, ಬಹಳ ಹೊತ್ತು.
"ಮೊದಲು ನೀರಿಗೆ ದಾರಿ ಬಿಡ್ರಮ್ಮ,
ಅದು ಹೋದಮೇಲೆ ತಾನೆ ಕುದುರೆ ಬರೋದು.
ಕೆಸರಿಗೆ ಕಲ್ಲು ಸುರಿದ್ರೆ ಕಲ್ಲೂ ಕೆಸರೇ."

ಅಗೆದೆವು, ಗುದ್ದಲಿ ಠಣ್ ಎನ್ನುವವರೆಗೆ, ಒಂದೂವರೆ ಅಡಿ.
ಬದಿಗೊಂದು ಕಾಲುವೆ, ಹೊಂಗೆಮರದ ಬುಡದತ್ತ.
ತಳಕ್ಕೆ ಬೂಸಾ ಚೀಲಗಳನ್ನು ಬಿಚ್ಚಿ ಹಾಸಿದೆವು, ಅಂಚಿನ ಮೇಲೆ ಅಂಚು:
ನೀರು ಇಳಿಯಲಿ, ಮಣ್ಣು ಏರದಿರಲಿ.

ಆಮೇಲೆ ಒಂದು ಮನೆ ಬಂತು, ಟ್ರ್ಯಾಕ್ಟರಿನಲ್ಲಿ.
ಚಾಮರಾಜಪೇಟೆಯದಂತೆ. ನಾಲ್ಕಂತಸ್ತು ಏಳಬೇಕಂತೆ.
ಕೆಡವಿದ್ದನ್ನು ಸುರಿಯಲು ಜಾಗವಿಲ್ಲದೆ ಪುಕ್ಕಟೆ ಕೊಟ್ಟರು,
ಡೀಸೆಲ್ ಮಾತ್ರ ನಮ್ಮದು.
ಇಟ್ಟಿಗೆ, ಸುಣ್ಣದ ಗಾರೆ, ತಾರಸಿಯ ಚೂರು,
ಕೆಂಪು ಗಾರೆನೆಲದ ಒಂದು ಹೋಳು, ಮೊರದಗಲ,
ಎಷ್ಟು ಅಂಗೈ ಒರೆಸಿದ್ದವೋ, ಇನ್ನೂ ಕನ್ನಡಿ.

ಗೊರಸಿಗೆ ಒಂದು ಮೊಳೆ ಸಾಕು.
ಎರಡು ದಿನ ಕುಕ್ಕರುಗಾಲಲ್ಲಿ ಕೂತು ಆರಿಸಿದೆವು,
ನಾನು ಮತ್ತು ಪಿಳ್ಳಪ್ಪನ ಹೆಂಡತಿ ಗಂಗಹನುಮಕ್ಕ.
ಕ್ಯಾಲೆಂಡರಿನ ಮೊಳೆ, ಫೋಟೋದ ಮೊಳೆ,
ತೊಟ್ಟಿಲು ಕಟ್ಟುವ ಕೊಂಡಿ.
ಅದನ್ನವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.
ಯಾಕೆಂದು ನಾನು ಕೇಳಲಿಲ್ಲ.
ಕೆಂಪು ಹೋಳನ್ನು ಹೂಳಲು ಬಿಡದೆ
ಅಂಚಿಗೆ ನಿಲ್ಲಿಸಿದಳು, ಕಲ್ಲು ಜಾರದಂತೆ.

ಮೇಲೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣದು,
ಕೊನೆಗೆ ಕ್ರಷರ್ ಪುಡಿ, ನೀರು ಚಿಮುಕಿಸಿ
ದಿಮ್ಮಸು. ದಿಮ್ಮಸು. ದಿಮ್ಮಸು.
ರಾತ್ರಿ ಅನ್ನ ಕಲಸುವಾಗಲೂ ಮಣಿಕಟ್ಟು ಅದುರುತ್ತಿತ್ತು.

ಸಂಜೆ ಬಿಟ್ಟೆವು. ಐದು ಟಕಟಕ ದಾಟಿದವು,
ತಮ್ಮ ಕಾಲಿನ ಸದ್ದಿಗೆ ತಾವೇ ತಲೆಯೆತ್ತಿ.
ಡೌಟಪ್ಪ ನಿಂತ. ಮೂಸಿದ. ಫರ್ರೆಂದು ಉಸಿರು ಬಿಟ್ಟ.
ಹಿಂದೆ ಸರಿದು,
ಟಿಕೆಟು ಕೊಂಡವರಿಗಾಗಿ ಎಂದೂ ಓಡದ ಓಟ ಓಡಿ
ನಮ್ಮ ಎಂಟು ದಿನದ ಕೆಲಸವನ್ನು ಒಂದೇ ನೆಗೆತಕ್ಕೆ ಹಾರಿ
ಆಚೆಯ ಕೆಸರಿನಲ್ಲಿ ಇಳಿದ, ಹೊಟ್ಟೆಯವರೆಗೆ ಸಿಡಿಸಿಕೊಂಡು.
ನಗುವಿನಲ್ಲಿ ಪಿಳ್ಳಪ್ಪನ ಬೀಡಿ ಬಿದ್ದುಹೋಯಿತು.

ಹಸ್ತ ಕಳೆದು ಈಗ ಚಿತ್ತೆ ಮಳೆ.
ಬೆಳಿಗ್ಗೆ ಹೋದರೆ ಅವನೇ ನಿಂತಿರುತ್ತಾನೆ ಅದರ ಮೇಲೆ,
ಒಂದು ಹಿಂಗಾಲ ತುದಿಯಷ್ಟೇ ಊರಿ, ಕೆಳತುಟಿ ಜೋಲುಬಿಟ್ಟು,
ಯಾರದೋ ನಡುಮನೆಯಲ್ಲಿ, ಒಣಗಾಲಲ್ಲಿ.
ಸಾಬರು ಕೊಕ್ಕೆ ಮೂಸಿ ನೋಡಿ
ಏನೂ ಹೇಳದೆ ಇನ್ನೊಂದು ಕಾಲು ಎತ್ತಿದರು.

ಕೆಸರೇನೂ ಊರು ಬಿಟ್ಟಿಲ್ಲ.
ನೀರಿನ ತೊಟ್ಟಿಯ ಪಕ್ಕಕ್ಕೆ ಮನೆ ಬದಲಾಯಿಸಿದೆ.
ನಿನ್ನೆ ಅಲ್ಲೊಂದು ಲಾಳ ಹೋಯಿತು.
ಯಲಹಂಕದಲ್ಲಿ ಯಾವುದೋ ಹಳೇ ಮನೆ ಕೆಡವುತ್ತಿದ್ದಾರಂತೆ,
ಪಿಳ್ಳಪ್ಪ ಹೇಳಿ ಕಳಿಸಿದ್ದಾನೆ.